ಗಾರ್ಡ್‌ಗೆ ಯೂನಿಫಾರಂ

ಡಿಸೆಂಬರ್ 11, ಬುಧವಾರ. ಬೆಳಿಗ್ಗೆ 6.40

ವಾಕಿಂಗ್ ಅರ್ಧಕ್ಕೇ ಮುಗಿಯಿತು. ಗಾರ್ಡ್ ಇವತ್ತೂ ಹಾಲಿನ ಬೂತ್ ಹತ್ತಿರ ನಿಂತುಬಿಟ್ಟ. ಹನ್ನೊಂದು ವರ್ಷದ ನಾಯಿ. ಹಿಂಗಾಲು ಗಡಗಡ ನಡುಗುತ್ತಿತ್ತು. ಮನೆಗೆ ಬಂದರೆ ಹೆಂಡತಿ ಗುಣವತಿ ಬಾಗಿಲಲ್ಲೇ ಕಾದಿದ್ದಳು.

"ಪಾವಂ, ಪಾಪ ರೀ, ಅದಕ್ಕೆ ಚಳಿ. ಒಂದು ಅಂಗಿ ಹೊಲಿದು ಹಾಕಿ."

"ಈ ತಮಿಳು ಸೀಮೆಯ ಪೆರಂಬೂರಲ್ಲಿ ಚಳೀನಾ? ಫ್ಯಾನ್ ಹಾಕ್ಕೊಂಡು ಮಲಗೋ ಜನ ನಾವು."

"ಮತ್ತೆ ನಿಮ್ಮ ಕತ್ತಲ್ಲಿರೋ ಮಫ್ಲರ್?"

ಮಫ್ಲರ್ ಬಿಚ್ಚಿಟ್ಟೆ.

ಡಿಸೆಂಬರ್ 12

ನಾಯಿಗೆ ಬಟ್ಟೆ ಅನ್ನುವುದು ಮನುಷ್ಯರ ಶೋಕಿ. ಮೈತುಂಬ ಕೂದಲಿದೆ, ಸಾಲದೆ? ತಿಂಡಿ ಹೊತ್ತಿಗೆ ಹೀಗೇ ಭಾಷಣ ಮಾಡಿದೆ. ಮೊಮ್ಮಗಳು ಪ್ರಣಮ್ಯಾ ಸ್ಕೂಲ್ ಟೈ ಸರಿಮಾಡಿಕೊಳ್ಳುತ್ತ, "ತಾತಾ, ಗಾರ್ಡ್‌ನ್ನಾ ಯೂನಿಫಾರಂ ವೇಣಾಮಾ?" ಅಂದಳು. ತಮಿಳು ಬೇಡ, ಕನ್ನಡದಲ್ಲಿ ಕೇಳೇ ಅಂದೆ. "ಗಾರ್ಡ್ ಅಂದ್ಮೇಲೆ ಯೂನಿಫಾರಂ ಬೇಕು ತಾತಾ, ಪ್ಲೀಸ್."

ಅಪರೂಪಕ್ಕೆ ಬಂದ ಒಂದು ಕನ್ನಡದ "ಬೇಕು"... ಸೋತೆ.

ಡಿಸೆಂಬರ್ 14, ಶನಿವಾರ

ರೈಲು ಕೋಚ್ ಫ್ಯಾಕ್ಟರಿಯಲ್ಲಿ ಮೂವತ್ತೆರಡು ವರ್ಷ ಸೀಟು, ಬರ್ತು ಹೊಲಿದ ಕೈ. ಬರ್ತು ಅಲ್ಲಾಡುವುದಿಲ್ಲ. ಗಾರ್ಡ್ ಅಳತೆ ಟೇಪ್ ಕಂಡ ಕೂಡಲೇ ಉರುಳಿ ಹೊಟ್ಟೆ ತೋರಿಸಿದ. ಪ್ರಣಮ್ಯಾ ಬಿಸ್ಕತ್ತು ಹಿಡಿದು ನಿಲ್ಲಿಸಿದಳು. ಎದೆ ಇಪ್ಪತ್ತಾರು ಇಂಚು. ರೈಲು ಗಾರ್ಡ್ ತೊಡುವಂಥ ಬಿಳಿ ಕಾಟನ್, ಒಳಗೆ ಫ್ಲಾನೆಲ್, ಡಬಲ್ ಹೊಲಿಗೆ. ರಿಟೈರ್ ಆದ ಮೇಲೆ ಇಷ್ಟು ಖುಷಿಯಿಂದ ಮಿಷನ್ ತುಳಿದದ್ದು ಇದೇ ಮೊದಲು — ಗುಣವತಿಗೆ ಹೇಳಿಲ್ಲ.

ಡಿಸೆಂಬರ್ 15, ಭಾನುವಾರ

ತೊಡಿಸಿದೆವು. ಚೆನ್ನಾಗಿಯೇ ಕಾಣುತ್ತಿದ್ದ. ಪ್ರಣಮ್ಯಾ ಚಪ್ಪಾಳೆ, ಫೋಟೋ. ಇವನು ಮಾತ್ರ ಕಲ್ಲಿನ ಬಸವನ ಹಾಗೆ ನಿಂತ. ಹೆಜ್ಜೆ ಇಡಲೊಲ್ಲ.

ಮಧ್ಯಾಹ್ನ ಬಿಸಿಲಿಗೆ ಮೆಟ್ಟಿಲ ಹತ್ತಿರ ಹೋದ. ಅಂಗಿ ಇದೆ, ಬಿಸಿಲಿದೆ. ಆದರೂ ಹಿಂಗಾಲು ನಡುಗುತ್ತಿದೆ. ಮೆಟ್ಟಿಲ ಮೇಲೆ ಕಾಲಿಟ್ಟು ಹಿಂದಕ್ಕೆ ತೆಗೆದ.

ಗುಣವತಿಯೇ ಹೋಗಿ ಅಂಗಿ ಬಿಚ್ಚಿದಳು.

ಡಿಸೆಂಬರ್ 18

ನಾಯಿ ಡಾಕ್ಟರಮ್ಮ ಎಕ್ಸ್-ರೇ ತೋರಿಸಿದರು. ಸೊಂಟದ ಕೀಲು ಸವೆದಿದೆ. ನಡುಕ ಚಳಿಗಲ್ಲ, ನೋವಿಗೆ. ಎಷ್ಟು ದಿನದಿಂದ ಅಂದರು. ದೀಪಾವಳಿಯಿಂದಲೇ ಸೋಫಾ ಹತ್ತುವುದು ಬಿಟ್ಟಿದ್ದ... "ವಯಸ್ಸಿಗೆ ತಕ್ಕ ಬುದ್ಧಿ ಬಂತು" ಅಂತ ಅವನನ್ನು ಹೊಗಳಿದ್ದೆ ನಾನು. ನಾಚಿಕೆಯಾಯಿತು. "ಡ್ರೆಸ್ ಎಲ್ಲಾ ವೇಂಡಾಂ, ಬೇಡ ಸಾರ್, ಮೆತ್ತನೆ ಬೆಡ್ ಕೊಡಿ" ಅಂದು ಮಾತ್ರೆ ಬರೆದರು.

ಆಟೋದಲ್ಲಿ ಅವನ ತಲೆ ಗುಣವತಿಯ ತೊಡೆಯ ಮೇಲೆ.

"ಅಂಗಿ ಬೇಕಾ ಬೇಡ್ವಾ ಅಂತ ಜಗಳ ಆಡಿದ್ವಿ. ನೋವಿದ್ಯಾ ಅಂತ ಒಬ್ರೂ ಕೇಳ್ಲಿಲ್ಲ."

"ಕೇಳಿದ್ರೆ ಅವನೇನು ಹೇಳ್ತಿದ್ದ, ಗುಣಾ?"

"ಹೇಳ್ತಾನೇ ಇದ್ನಲ್ಲ ರೀ."

ಡಿಸೆಂಬರ್ 22, ಭಾನುವಾರ

ಮೂರು ದಿನ ಡೈರಿ ಮುಟ್ಟಲಿಲ್ಲ. ಮಿಷನ್ ಮುಂದೆಯೇ ಕೂತಿದ್ದೆ. ನಾಲ್ಕಿಂಚು ಫೋಮ್, ಮೇಲೆ ಮೆತ್ತನೆ ಬಟ್ಟೆ, ಅಡಿಗೆ ಜಾರದ ರೆಕ್ಸಿನ್. ಲೋಯರ್ ಬರ್ತ್, ಸೀನಿಯರ್ ಸಿಟಿಜನ್ ಕೋಟಾ. ಮೂರು ಸುತ್ತು ಮೂಸಿ ಮಲಗಿದ. ನಿಟ್ಟುಸಿರು ಬಿಟ್ಟ — ನಾವೂ ಬಿಟ್ಟೆವು. ಮೊಸರನ್ನದಲ್ಲಿ ಮಾತ್ರೆ. ಅನ್ನ ತಿಂದು ಮಾತ್ರೆ ಉಗಿದ. ಎರಡನೇ ಸಲ ನುಂಗಿದ.

ಡಿಸೆಂಬರ್ 30, ಸೋಮವಾರ. ಬೆಳಿಗ್ಗೆ 6.15

ನಡುಕ ಬಹಳ ಕಡಿಮೆ. ಪ್ರಣಮ್ಯಾ ನಿನ್ನೆ ಕೇಳಿದಳು, "ಯೂನಿಫಾರಂ ಬೇಡ್ವಾ ತಾತಾ?" ಅವನೇ ಬೇಡ ಅಂದ ಕಣೇ ಅಂದೆ. ಪೂರಾ ಕನ್ನಡದಲ್ಲಿ ಕೇಳಿದ್ದಳು ಅಂತ ಆಮೇಲೆ ಹೊಳೆಯಿತು.

ಕಾಫಿ ಇನ್ನೂ ಬಂದಿಲ್ಲ. ಗಾರ್ಡ್ ಆಗಲೇ ಬಾರು ಕಚ್ಚಿಕೊಂಡು ಬಂದು ನಿಂತಿದ್ದಾನೆ. ಮೊಣಕೈಗೆ ಮೂತಿ ಒತ್ತುತ್ತಿದ್ದಾನೆ, ಅಕ್ಷರ ಸೊಟ್ಟ ಆಗುತ್ತಿದೆ. ಈಗ ಪಂಚೆ ಹಿಡಿದು ಎಳೆ... ಇರೋ ಮಾರಾಯ, ಚಪ್ಪಲಿ ಹಾಕ್ಕೊ—