ಹಿತ್ತಿಲಲ್ಲಿ ಎಲ್ಲೆಲ್ಲಿ ಏನೇನು

ಭಾನುವಾರ, ಬೆಳಿಗ್ಗೆ

ಪ್ರೀತಿಯ ಅತ್ತೆಯವರಿಗೆ,

ಕಣ್ಣಿಗೆ ಹೊಸ ಕನ್ನಡಕ ಬರುವವರೆಗೆ ಈ ಕಾಗದವನ್ನು ನಾದಿನಿ ಪುಟ್ಟಿಯೇ ನಿಮಗೆ ಓದಿ ಹೇಳುತ್ತಾಳೆಂದು ಗೊತ್ತು. ಓದುವವಳು ನಿಧಾನವಾಗಿ ಓದಲಿ, ಕೇಳುವವರು ನಡುವೆ ಎದ್ದು ಕೂರಬೇಡಿ. ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ಹಿತ್ತಿಲು ಬದುಕಿದೆ.

ನೀವು ಕಣ್ಣಿನ ಆಪರೇಷನ್‌ಗೆಂದು ಮಗಳ ಮನೆಗೆ ಹೋದ ವಾರವೇ ನಿಮ್ಮ ಮಗ ಹಿತ್ತಿಲು 'ಕ್ಲೀನು' ಮಾಡಿದರು. ಬಿಸಿಲಿಗೆ ಎಲೆಯೆಲ್ಲ ಒಣಗಿ ನೆಲ ಬೋಳಾಗಿತ್ತಲ್ಲ, ಅವರ ಕಣ್ಣಿಗೆ ಬಿದ್ದದ್ದು ನೀವು ಅಲ್ಲಲ್ಲಿ ಚುಚ್ಚಿಟ್ಟ ಸಾಮಾನು ಮಾತ್ರ: ಹಿಡಿ ಮುರಿದ ಚಮಚ, ಹಲ್ಲುದುರಿದ ಬಾಚಣಿಗೆ, ಹಳೇ ಬ್ರಷ್ಷು. ಒಂದನ್ನೂ ಬಿಸಾಡಲಿಲ್ಲ ಮಹಾನುಭಾವರು. ಎಲ್ಲ ಕಿತ್ತು, ಸೋಪು ಹಾಕಿ ತೊಳೆದು, ಬಿಸ್ಕತ್ತಿನ ಡಬ್ಬಿಯಲ್ಲಿ ಜೋಡಿಸಿ, ಅಮ್ಮನ ಸಾಮಾನು ಜೋಪಾನವಾಗಿದೆ ನೋಡು ಅಂತ ತೋರಿಸಿದರು. ಎಲ್ಲಿ ಏನು ನೆಟ್ಟಿದೆ ಎಂಬುದಕ್ಕೆ ನಿಮ್ಮ ಗುರುತು ಅವೇ. ಈಗ ಗುರುತು ಡಬ್ಬಿಯಲ್ಲಿ, ಗೆಡ್ಡೆ ಮಣ್ಣಲ್ಲಿ.

ಕ್ಲೀನು ಯಾಕೆಂದು ಆಮೇಲೆ ಗೊತ್ತಾಯಿತು. ಕಾರು ನಿಲ್ಲಿಸಲು ಸಿಮೆಂಟ್ ಹಾಕಿಸುತ್ತಾರಂತೆ. ಮೂಟೆಗಳು ಆಗಲೇ ಬಂದು ತಾಡಪಾಲಿನಡಿ ಕೂತಿದ್ದವು. ಕಾರು ಇನ್ನೂ ಅಂಗಡಿಯಲ್ಲಿದೆ, ಹಾಸಿಗೆ ಮಾತ್ರ ಇಲ್ಲಿ ಸಿದ್ಧವಾಗಬೇಕು. ನಾನು ಜಗಳಕ್ಕೆ ನಿಂತೆ. ಏನಿದೆ ಅಲ್ಲಿ, ಒಂದೇ ಒಂದು ಜಾಗ ತೋರಿಸಿ ಇಂಥದ್ದಿದೆ ಅಂತ ಹೇಳೇ, ಬಿಟ್ಟುಬಿಡ್ತೀನಿ ಅಂದರು. ಮಹಿಳಾ ಸಂಘದ ಮೆರವಣಿಗೆಯಲ್ಲಿ ಗಂಟಲು ಹರಿಯುವಂತೆ ಕೂಗುವ ನಾನು, ಡಬ್ಬಿಯಿಂದ ಮುರಿದ ಚಮಚ ತೆಗೆದು, ಅದು ಯಾವುದರ ಗುರುತೆಂದು ತಿಳಿಯದೆ ಹಿತ್ತಿಲೆಲ್ಲ ತಿರುಗಿ ವಾಪಸು ಬಂದೆ. ಅವರು ಮನೆ ಕಂದಾಯದ ರಸೀದಿ ತಂದು ಮುಂದೆ ಹಿಡಿದರು. ಹಿತ್ತಿಲಿಗೆ ಅದರಲ್ಲಿ ಒಂದೇ ಪದ: ಖಾಲಿ. ಮೈ ಉರಿದುಹೋಯಿತು. ಹೆಂಗಸು ಸೊಂಟ ಬಗ್ಗಿಸಿ ಬೆವರು ಬಸಿದ ಜಾಗ ಯಾವ ದಫ್ತರದಲ್ಲಿ ತುಂಬಿದೆ ಹೇಳಿ? ನಮ್ಮ ಕೈ ಬಿದ್ದದ್ದೆಲ್ಲ ಇವರ ಲೆಕ್ಕಕ್ಕೆ ಖಾಲಿಯೇ.

ಅಷ್ಟರಲ್ಲಿ ಮಳೆ ಹಿಡಿಯಿತು. ಗಾರೆ ಮೇಸ್ತ್ರಿ ಬರಲಿಲ್ಲ.

ಅತ್ತೆ, ಆಮೇಲೆ ಕಂಡದ್ದನ್ನು ಹೇಗೆ ಬರೆಯಲಿ. ಒಂದು ಬೆಳಿಗ್ಗೆ ಪಾತ್ರೆ ತೊಳೆಯಲು ಹೋದವಳು ಪಾತ್ರೆ ಹಿಡಿದುಕೊಂಡೇ ನಿಂತುಬಿಟ್ಟೆ. ನೆಲ ಬಿರಿದಿತ್ತು. ಬಚ್ಚಲ ನೀರು ಹರಿಯುವ ಉದ್ದಕ್ಕೂ ಅರಿಶಿನ, ಸುರುಳಿ ಸುತ್ತಿದ ಹಸಿರು. ಗೋಡೆಯ ನೆರಳಲ್ಲಿ ಶುಂಠಿ. ನಲ್ಲಿ ತೊಟ್ಟಿಕ್ಕುವ ಕಡೆ ಪುದೀನ. ಬಿಸಿಲು ಬೀಳುವಲ್ಲಿ ಸುಗಂಧರಾಜ. ನಟ್ಟನಡುವೆ ಸುವರ್ಣಗೆಡ್ಡೆ, ಹಾವಿನ ಮೈಯಂಥ ಚುಕ್ಕೆ ದಂಟು, ಮಣ್ಣಿನ ಹೆಂಟೆಯನ್ನು ತಲೆ ಮೇಲೆ ಹೊತ್ತುಕೊಂಡೇ ಎದ್ದಿತ್ತು. ಯಾರೂ ಕರೆದಿರಲಿಲ್ಲ. ನೀರು ಬೇಕಾದದ್ದು ನೀರಿನ ಬಳಿ, ನೆರಳು ಬೇಕಾದದ್ದು ನೆರಳಲ್ಲಿ, ನೀವು ಕೊಟ್ಟ ಹಕ್ಕಿನ ಜಾಗದಲ್ಲೇ ಎದ್ದು ನಿಂತಿದ್ದವು. ಅಂಥ ದೊಡ್ಡ ಸಭೆಯನ್ನು, ಅಷ್ಟು ಸದ್ದಿಲ್ಲದ್ದನ್ನು, ನಾನು ಕಂಡಿಲ್ಲ.

ನಿಮ್ಮ ಮಗನನ್ನು ಕೈ ಹಿಡಿದು ಎಳೆತಂದೆ. ಕಾಲಿಡಲು ಜಾಗ ಹುಡುಕಿದರು, ಸಿಗಲಿಲ್ಲ. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡರು. ಇಷ್ಟೂ ಒಳಗೇ ಇತ್ತಾ, ನಾನು ಇದರ ಮೇಲೇ ಓಡಾಡ್ತಿದ್ನಾ ಅಂತ ಮೆಲ್ಲಗೆ ಕೇಳಿದರು. ನಿಮ್ಮ ಮಗ ಮೆಲ್ಲಗೆ ಮಾತಾಡಿದ್ದು ನಾನು ಕಂಡಂತೆ ಅದೇ ಮೊದಲು. ಮಧ್ಯಾಹ್ನವೇ ಹೋಗಿ ಮೇಸ್ತ್ರಿಗೆ ಬರಬೇಡ ಅಂದು ಬಂದರು. ಕಾರು ಬೀದಿಯಲ್ಲೇ ಮಲಗಲಿ ಬಿಡು ಅಂದರು.

ಇದ್ದಲು ತಂದು ಹಿಂದಿನ ಗೋಡೆಯ ತುಂಬಾ ಹಿತ್ತಿಲಿನ ನಕ್ಷೆ ಬರೆದಿದ್ದೇನೆ. ಅವರು ಅಳೆದು ಹೇಳಿದರು, ನಾನು ಬರೆದೆ. ಇನ್ನು ಖಾಲಿ ಎನ್ನುವವನು ಈ ಗೋಡೆ ಓದಿ ಅನ್ನಲಿ. ಕೆಂಪು ಮೂತಿಯ ಒಂದು ಮೊಳಕೆ ಮಾತ್ರ ಇಬ್ಬರಿಗೂ ಬಗೆಹರಿದಿಲ್ಲ. ಅವರು ಡೇಲಿಯಾ ಅಂತಾರೆ, ನಾನು ಕಳೆ ಅಂತೀನಿ. ಬೇಗ ಬಂದು ತೀರ್ಪು ಕೊಡಿ.

ಇಂತಿ ನಿಮ್ಮ ಸೊಸೆ,
ನೀವು ಕರೆಯುವ ಹಾಗೆ, ಮೈಕು

ತಾ.ಕ.: ಪುಟ್ಟಿ, ಇದನ್ನು ಅಮ್ಮನ ಕಿವಿಯಲ್ಲಿ ಮಾತ್ರ ಓದು. ಮಳೆಗೆ ಹೆದರಿ ಕೂರುವ ಮೇಸ್ತ್ರಿ ಅಲ್ಲ ಅವನು. ತಾಡಪಾಲು ಗಾಳಿಗೆ ಹಾರಿ ಸಿಮೆಂಟ್ ಮೂಟೆ ನೆನೆದವು ಅಂತ ನಿಮ್ಮ ಮಗ ಇವತ್ತಿಗೂ ನಂಬಿದ್ದಾರೆ. ಗಾಳಿಯೇ ಇರಲಿಲ್ಲ ಅತ್ತೆ. ಹಗ್ಗ ಬಿಚ್ಚಿದ್ದು ನಾನು. ಮೂಟೆಗಳೆಲ್ಲ ಈಗ ಕಲ್ಲು. ಇದನ್ನು ಬರೆಯುವಾಗ ಅವರು ಅವುಗಳಲ್ಲೊಂದರ ಮೇಲೆ ಕೂತು, ಚಹಾ ಆರಿದ್ದೂ ಗೊತ್ತಿಲ್ಲದೆ, ಸುವರ್ಣಗೆಡ್ಡೆ ತನ್ನ ಕೊಡೆ ಬಿಚ್ಚುವುದನ್ನು ನೋಡುತ್ತಿದ್ದಾರೆ.