ಅರ್ಜಿಯ ಮೇಲಿನ ಹೆಬ್ಬೆಟ್ಟು

ಗದಗ, ೧೨ ಜುಲೈ ೧೯೭೮

ಡೋಣಿಯಲ್ಲಿರುವ ಅಬ್ಬಾಗೆ ಸಲಾಂ.

ನನ್ನ ವಿದ್ಯಾರ್ಥಿವೇತನದ ಅರ್ಜಿಗೆ ಮೊನ್ನೆ ನೀವು ಹೆಬ್ಬೆಟ್ಟು ಒತ್ತಿದಿರಿ. ಅಮ್ಮಿ "ಓದಿಸಿ ಕೇಳ್ರಿ" ಅಂದಾಗ, "ನನ್ನ ಮಗಾ ಬರದದ್ದು ಏನ್ ಕೇಳೂದೈತಿ?" ಎಂದು ನಕ್ಕಿರಿ.

ಅದರಲ್ಲಿ ಪಾಸಾಗಿದ್ದೇನೆಂದು ಬರೆದಿದ್ದೆ. ಖರೆ ಹೇಳಬೇಕೆಂದರೆ, ನಪಾಸಾಗಿ ಅದೇ ವರ್ಗದಲ್ಲಿ ಮತ್ತೆ ಕೂತಿದ್ದೇನೆ. "ಮತ್ತ ಅದ ವರ್ಗಕ್ಕ ಕುಂತವ್ರಿಗೆ ವೇತನ ಬರಂಗಿಲ್ಲ" ಎಂದು ಕಾಲೇಜಿನ ಗುಮಾಸ್ತರು ಮೊದಲೇ ಹೇಳಿದ್ದರು.

ಅರ್ಜಿ ಕೊಡಲಿಲ್ಲ. ನಿಮ್ಮ ಹೆಬ್ಬೆಟ್ಟಿರುವ ಕಾಗದ ಹರಿಯಲು ಕೈ ಏಳಲಿಲ್ಲ. ಇದರೊಳಗೆ ಇಟ್ಟಿದ್ದೇನೆ, ಒಲೆಗೆ ಹಾಕಿರಿ. ಓದು ಮುಂದುವರಿಸಲೋ, ಊರಿಗೆ ಬರಲೋ, ಹೇಳಿ ಬರೆಸಿರಿ.

ಇದನ್ನು ಓದಿ ಹೇಳುತ್ತಿರುವ ತಂಗಿ ಮೆಹಬೂಬಿ, ನಪಾಸಾದ ಸಾಲನ್ನು ಅಬ್ಬಾಗೆ ಓದಬೇಡ ಎಂದು ಹೋದ ಪತ್ರದಲ್ಲಿ ಬರೆದಿದ್ದೆ. ಈ ಪತ್ರದಲ್ಲಿ ಒಂದು ಸಾಲನ್ನೂ ಬಿಡಬೇಡ.

ನಿಮ್ಮ ಮಗ,
ಮಾಶಾಕ