ಗೇಟಿಗೆ ಎಷ್ಟು ದೂರ

ಮಾರ್ಚ್ 3, ಸೋಮವಾರ. ಬೆಳಗ್ಗೆ 5.05, ಬಸ್ಸು

ಹಿಂದಿನ ಸೀಟು. ಅಕ್ಷರ ಕುಣಿಯುತ್ತಿವೆ. ನಾಲ್ಕಕ್ಕೆ ಎದ್ದದ್ದು. ಅಕ್ಕ ಎಂದಿನಂತೆ ನನಗಿಂತ ಮೊದಲೇ ಎದ್ದು ಡಬ್ಬಿ ಕಟ್ಟಿಟ್ಟಿದ್ದಳು. ‘ಬರ್ತೀನಿ.’ ‘ಹೂಂ.’ ಇಷ್ಟೇ ನಮ್ಮ ಬೆಳಗಿನ ಮಾತು. ಹತ್ತೊಂಬತ್ತು ವರ್ಷದಿಂದ ಇಷ್ಟೇ.

ನಿನ್ನೆ ಮನೆ ಮಾಲೀಕರು ಬಂದಿದ್ದರು. ಮಗಳ ಸಂಸಾರ ಇಲ್ಲಿಗೇ ಬರುತ್ತದಂತೆ. ಏಪ್ರಿಲ್ ಕೊನೆಗೆ ಮನೆ ಬಿಟ್ಟುಕೊಡಬೇಕಂತೆ. ಒಳ್ಳೆಯ ಮನುಷ್ಯ, ಕೈ ಮುಗಿದು ಹೇಳಿದರು. ಕೈ ಮುಗಿದು ಹೇಳಿದರೂ ಬಿಡುವುದು ಬಿಡುವುದೇ. ‘ನಿಮ್ಮ ಕೆಲಸ ಗಡಿ ಆಚೆ ಅಲ್ವಾ, ಅಲ್ಲೇ ಒಂದು ಮನೆ ನೋಡ್ಕೋಬಹುದಲ್ಲ’ ಎಂದರು. ಎಷ್ಟು ಜನಕ್ಕೆ ಎಷ್ಟು ಸಲ ಹೇಳಿದ್ದೇನೋ — ನನ್ನದು ಬೆಳಗ್ಗೆ ಹೋಗಿ ಸಂಜೆ ಬರುವವರ ಕಾರ್ಡು. ಆಚೆ ದುಡಿಯಬಹುದು, ಮಲಗುವ ಹಾಗಿಲ್ಲ.

ಅಕ್ಕ ಎದ್ದು ಒಳಗೆ ಹೋದಳು. ಅವರಿಗೆ ಕುಡಿಯಲು ನೀರು ತಂದುಕೊಟ್ಟಳು.

ಗಡಿಯ ಗೇಟು ಬಂತು.

ಮಾರ್ಚ್ 5, ಬುಧವಾರ. ಮಧ್ಯಾಹ್ನ, ಲ್ಯಾಬ್

ಕೃತಕ ಹಲ್ಲಿನ ಮೂರು ಫುಲ್ ಸೆಟ್, ಒಂದು ಬರೀ ಮೇಲ್ದವಡೆ. ಮೇಣದಲ್ಲಿ ಹಲ್ಲು ಕೂರಿಸಿ ಕೂರಿಸಿ ಕಣ್ಣು ಉರಿಯುತ್ತಿದೆ. ಡಾಕ್ಟರ ಚೀಟಿಯಲ್ಲಿ ವಯಸ್ಸು ಇರುತ್ತದೆ, ಹಲ್ಲಿನ ಬಣ್ಣದ ನಂಬರ್ ಇರುತ್ತದೆ. ಮುಖ ಇರುವುದಿಲ್ಲ. ಎಷ್ಟು ಬಾಯಿಗಳಿಗೆ ನಗು ಮಾಡಿ ಕಳಿಸಿದೆನೋ, ಒಂದನ್ನೂ ಕಂಡಿಲ್ಲ.

ಊಟದ ಹೊತ್ತಿಗೆ ಪ್ಲಾಸ್ಟರ್ ಸುದ್ದಿ ತಂದ. ದವಡೆಯ ಅಚ್ಚು ಹೊಯ್ಯುವವನು, ಅದಕ್ಕೇ ಆ ಹೆಸರು. ಹುಬ್ಬಿನ ಮೇಲೂ ಬಿಳಿ ಪುಡಿ. ಅವನ ನಿಜವಾದ ಹೆಸರು ಹಿಡಿದು ಕರೆದರೆ ಅವನೇ ತಿರುಗಿ ನೋಡುವುದಿಲ್ಲ. ನನ್ನಂತೆ ಈಚೆಯಿಂದ ದಿನಾ ಗಡಿ ದಾಟುವವನು.

‘ಏಪ್ರಿಲ್ ಒಂದರಿಂದ ಗೇಟು ಐದಕ್ಕಲ್ಲ, ಆರಕ್ಕೆ ತೆಗೀತಾರಂತೆ. ಹೊಸ ಸ್ಕ್ಯಾನರ್ ಬೇರೆ.’

‘ನಮ್ಮ ಶಿಫ್ಟು ಏಳೂವರೆಗೆ.’

‘ಅದನ್ನ ಗೇಟಿಗೆ ನೀವೇ ಹೇಳಿ ಬನ್ನಿ.’

ಜೂನ್‌ನಲ್ಲಿ ಕಾರ್ಡು ರಿನ್ಯೂ ಆಗಬೇಕು. ಅದಕ್ಕೆ ಸೂಪರ್‌ವೈಸರ್ ಕಾಗದ ಕೊಡಬೇಕು. ಮೂರು ಸಲ ಲೇಟಾದವರಿಗೆ ಕೊಡುವುದಿಲ್ಲ — ಗೋಡೆಯ ಮೇಲೆ ಅಂಟಿಸಿದ್ದಾರೆ. ಇನ್ನು ಸಾಲಿನಲ್ಲಿ ಮುಂದೆ ನಿಂತವರಿಗೆ ಮಾತ್ರ ಕೆಲಸ. ಎಲ್ಲೋ ಒಂದು ಮನೆ ಸಿಕ್ಕರೆ ಸಾಲದು ಈಗ. ಗೇಟಿನ ಬಾಯಲ್ಲೇ ಸಿಗಬೇಕು.

ಮಾರ್ಚ್ 9, ಭಾನುವಾರ. ಸಂಜೆ

ಬ್ರೋಕರ್ ಜೊತೆ ಅಕ್ಕನೂ ನಾನೂ ಅಲೆದು ಬಂದೆವು. ಅವನು ಏನು ಕೇಳಿದರೂ ‘ಆಗುತ್ತೆ ಮೇಡಂ’ ಎನ್ನುತ್ತಾನೆ. ನೀರು ಬರುತ್ತಾ? ಆಗುತ್ತೆ. ಬಾಗಿಲು ಹಾಕಿಕೊಳ್ಳುತ್ತಾ? ಆಗುತ್ತೆ. ಮನೆಗೆ ಬರುವಷ್ಟರಲ್ಲಿ ಅಕ್ಕ ಅವನಿಗೆ ಆಗುತ್ತಪ್ಪ ಎಂದು ಹೆಸರಿಟ್ಟಿದ್ದಳು.

ಮೊದಲನೆಯದು ಸ್ಟೇಷನ್ ಹಿಂದೆ. ಬೆಳಗ್ಗೆ 5.20ಕ್ಕೆ ಹೊರಟು ಗಡಿ ದಾಟುವ ರೈಲು ಇದೆ. ತಪಾಸಣೆ ರೈಲಿನ ಬೋಗಿಯೊಳಗೇ, ಗೇಟಿನ ಗೊಡವೆ ಇಲ್ಲ. ಈಗಿನ ಮನೆಯಿಂದ ಆ ಹೊತ್ತಿಗೆ ಸ್ಟೇಷನ್‌ಗೆ ಬಸ್ಸಿಲ್ಲ, ಅದಕ್ಕೇ ಇಷ್ಟು ವರ್ಷ ಅದರ ಯೋಚನೆಯನ್ನೇ ಮಾಡಿರಲಿಲ್ಲ. ಆದರೆ ಮೂರನೇ ಮಹಡಿ. ಲಿಫ್ಟಿಲ್ಲ. ಅಕ್ಕ ಮೊದಲನೇ ತಿರುವಿನಲ್ಲೇ ಮಂಡಿ ಹಿಡಿದುಕೊಂಡು ನಿಂತಳು. ‘ನೀನು ನೋಡಿ ಬಾ’ ಎಂದಳು. ಮೇಲೆ ಹೋಗಲಿಲ್ಲ ನಾನು. ಯಾಕೆ ನೋಡುವುದು.

ಎರಡನೆಯದು ಕಾಲುವೆ ಪಕ್ಕ. ನೆಲಮಹಡಿ, ಎರಡು ಕೋಣೆ, ಉದ್ದನೆಯ ಕಿಟಕಿ. ಅಕ್ಕನ ಅಂಗಡಿಗೆ ಅಲ್ಲಿಂದ ನಡೆದರೆ ಆರು ನಿಮಿಷ. ಅವಳು ಕಿಟಕಿ ಹತ್ತಿರ ಬಹಳ ಹೊತ್ತು ನಿಂತಳು. ಎದುರುಮನೆಯವರು ಚಾಪೆ ಕೊಡವುತ್ತಿದ್ದರು, ಅದನ್ನೇ ನೋಡುತ್ತಿದ್ದಳು.

‘ಗೇಟಿಗೆ ಎಷ್ಟು ದೂರ?’ ನಾನು ಕೇಳಿದೆ.

‘ಆಗುತ್ತೆ ಮೇಡಂ. ಎರಡು ಬಸ್ಸು.’

ಎರಡು ಬಸ್ಸು ಅಂದರೆ ಆಗುವುದಿಲ್ಲ. ಅಕ್ಕನ ಭುಜ ಮುಟ್ಟಿ ಹೊರಡಿಸಿದೆ. ಕಡಲೆ ಇದ್ದಾಗ ಹಲ್ಲಿಲ್ಲ, ಹಲ್ಲಿದ್ದಾಗ ಕಡಲೆ ಇಲ್ಲ ಎಂದೆ ದಾರಿಯಲ್ಲಿ. ‘ಹಲ್ಲು ಮಾಡೋಳು ನೀನೇ ಅಲ್ವಾ’ ಎಂದಳು. ನಕ್ಕೆವು.

ಮಾರ್ಚ್ 16, ಭಾನುವಾರ. ಮಧ್ಯಾಹ್ನ

ಲಾರಿ ಲೈನ್. ಗೇಟಿಗೆ ಅಂಟಿಕೊಂಡ ಬಡಾವಣೆ. ಅಕ್ಕ ಬರಲಿಲ್ಲ, ಮಂಡಿ ಊದಿದೆ. ಒಬ್ಬಳೇ ಹೋದೆ.

ಬಾಗಿಲಿನಿಂದ ಸಾಲಿನ ತುದಿಗೆ ಒಂಬತ್ತು ನಿಮಿಷ. ನಡೆದು ನೋಡಿದೆ, ಎರಡು ಸಲ. ನೆಲಮಹಡಿ — ಅಕ್ಕನಿಗೆ ಅನುಕೂಲ. ಉಳಿದದ್ದನ್ನು ಬರೆಯಲು ಮನಸ್ಸಿಲ್ಲ. ಬರೆಯುತ್ತೇನೆ. ರಸ್ತೆಯುದ್ದಕ್ಕೂ ಲಾರಿ, ಹಗಲೂ ರಾತ್ರಿ ಇಂಜಿನ್ ಆರಿಸುವುದಿಲ್ಲವಂತೆ. ಕಿಟಕಿಯ ಸರಳಿನ ಮೇಲೆ ಬೆರಳಾಡಿಸಿದರೆ ಕಾಡಿಗೆಯಂಥ ಮಸಿ. ಹಿತ್ತಲಲ್ಲಿ ಒಣಹಾಕಿದ ಬೆಡ್‌ಶೀಟು ಬಿಳಿಯೋ ಬೂದಿಯೋ ಗೊತ್ತಾಗಲಿಲ್ಲ. ಮನೆಯ ಹೆಂಗಸು ಮಾತಿನ ಮಧ್ಯೆ ಮಧ್ಯೆ ಕೆಮ್ಮುತ್ತಿದ್ದರು. ‘ಅಭ್ಯಾಸ ಆಗಿಬಿಡುತ್ತೆ’ ಎಂದರು. ಕೆಮ್ಮೋ, ಸದ್ದೋ, ಕೇಳಲಿಲ್ಲ.

ಮಾತು ಕೊಟ್ಟು ಬಂದೆ.

ಅಕ್ಕನಿಗೆ ಹೇಳಿದೆ. ನೆಲಮಹಡಿ ಎಂದು ಎರಡೆರಡು ಸಲ ಹೇಳಿದೆ. ‘ಗಾಳಿ ಹೇಗಿದೆ?’ ಎಂದು ಕೇಳಿದಳು. ಪರವಾಗಿಲ್ಲ ಎಂದೆ. ‘ಸರಿ’ ಎಂದು ಎದ್ದು ಹೋದಳು. ನನಗೂ ಸಾಕಾಗಿತ್ತು. ಅಂತೂ ಮುಗಿಯಿತಲ್ಲ.

ಮಾರ್ಚ್ 30, ಭಾನುವಾರ. ಸಂಜೆ 6

ಎರಡು ವಾರ ಪುಸ್ತಕ ತೆಗೆಯಲಿಲ್ಲ. ಬರೆಯುವಂಥದ್ದೂ ಇರಲಿಲ್ಲ. ಇವತ್ತು ಇದೆ.

ಪಾತ್ರೆಗಳನ್ನು ಪೆಟ್ಟಿಗೆಗೆ ಜೋಡಿಸುತ್ತಿದ್ದೆ. ಅಕ್ಕ ಕುರ್ಚಿಯಲ್ಲಿ ಕೂತು ಯಾರದೋ ಜಾಕೆಟ್ಟಿನ ಜಿಪ್ಪಿನ ಹೊಲಿಗೆ ಬಿಚ್ಚುತ್ತಿದ್ದಳು. ಬಟ್ಟೆ ರಿಪೇರಿ ಅಂಗಡಿಯ ಕೆಲಸ; ಮುಗಿಯದಿದ್ದರೆ ಮನೆಗೆ ತರುತ್ತಾಳೆ. ತಲೆ ಎತ್ತದೆ ಹೇಳಿದಳು:

‘ಕಾಲುವೆ ಹತ್ತಿರ ಒಂದು ರೂಮು ಮಾತಾಡಿದೀನಿ.’

‘ಅಲ್ಲಕ್ಕಾ, ಲಾರಿ ಲೈನಿಗೆ ಮಾತು ಕೊಟ್ಟಾಗಿದೆ. ಹೇಳಿದ್ನಲ್ಲ ನಿನಗೆ.’

‘ನಿನಗಲ್ಲ. ನನಗೆ.’

ಕೈಯಲ್ಲಿದ್ದ ತಟ್ಟೆ ಹಾಗೇ ಹಿಡಿದುಕೊಂಡು ನಿಂತೆ.

‘ನನ್ನ ಮೇಲೆ ಬೇಜಾರಾ?’

‘ಬೇಜಾರಲ್ಲ ಕಣೇ. ನಿದ್ದೆ.’ ಸೂಜಿ ಕೆಳಗಿಟ್ಟಳು. ‘ನನ್ನ ಅಂಗಡಿ ತೆಗೆಯೋದು ಹತ್ತಕ್ಕೆ. ನಾನು ಏಳೋದು ನಾಲ್ಕಕ್ಕೂ ಮುಂಚೆ. ಸಂಜೆ ಎಂಟಕ್ಕೆ ದೀಪ ಆರಿಸ್ತೀನಿ, ನೀನು ಮಲಗಬೇಕಲ್ಲ ಅಂತ. ಯಾರನ್ನೂ ಮನೆಗೆ ಕರೆಯಲ್ಲ, ನೀನು ಮಲಗಿರ್ತೀಯ ಅಂತ. ಗಡಿ ದಾಟೋದು ನೀನು, ಸಾಲಲ್ಲಿ ನಿಲ್ಲೋದು ನಾನೂ.’

‘ಏಳು ಅಂತ ನಾನು ಯಾವತ್ತಾದರೂ ಕೇಳಿದ್ನಾ?’

ಅದನ್ನು ಹೇಳಬಾರದಿತ್ತು. ಹೇಳಿದೆ.

‘ನೀನು ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ’ ಎಂದಳು. ಮತ್ತೆ ಸೂಜಿ ತೆಗೆದುಕೊಂಡಳು.

ಅಮ್ಮ ಹೋದಾಗ ನನಗೆ ಹನ್ನೊಂದು, ಅವಳಿಗೆ ಹತ್ತೊಂಬತ್ತು. ಆಗಿನಿಂದ ಒಂದೇ ಸೂರು. ಈ ಮನೆ ಹುಡುಕಾಟವೆಲ್ಲ ಅವಳ ಮಂಡಿಗೋಸ್ಕರ ಅಂದುಕೊಂಡಿದ್ದೆನಲ್ಲ ನಾನು. ತ್ಯಾಗ ಮಾಡುತ್ತಿರುವವಳು ನಾನು ಎಂದು...

ಏಪ್ರಿಲ್ 1, ಮಂಗಳವಾರ. ಬೆಳಗ್ಗೆ 6.50, ಗೇಟು

ಸಾಲು ಆಮೆಯಂತೆ ಕದಲುತ್ತಿದೆ. ಮುಂದೆ ಮುನ್ನೂರು ಜನ ಇರಬಹುದು. ಸ್ಕ್ಯಾನರ್ ಪ್ರತಿ ಡಬ್ಬಿಗೂ ಕೂಗುತ್ತಿದೆ. ಒಬ್ಬೊಬ್ಬರ ಊಟವನ್ನೂ ಬಿಚ್ಚಿಸಿ ನೋಡುತ್ತಿದ್ದಾರೆ. ನನ್ನದನ್ನು ಬಿಚ್ಚಿದಾಗ ಏನಿರುತ್ತದೋ ನನಗೇ ಗೊತ್ತಿಲ್ಲ. ಅಕ್ಕ ಏನು ಕಟ್ಟಿದಳು ಎಂದು ಕೇಳಲಿಲ್ಲ. ಭಾನುವಾರದಿಂದ ಮಾತಿಲ್ಲ.

ಆದರೂ ಎದ್ದಳು. ಕಟ್ಟಿದಳು.

ಏಪ್ರಿಲ್ 3, ಗುರುವಾರ. ಸಂಜೆ, ಬಸ್ಸು

ಎರಡನೇ ಸಲ ಲೇಟು. ನಲವತ್ತು ನಿಮಿಷ. ಸೂಪರ್‌ವೈಸರ್ ಬಯ್ಯಲಿಲ್ಲ, ರಿಜಿಸ್ಟರ್ ನನ್ನ ಕಡೆ ತಿರುಗಿಸಿ ಪೆನ್ನು ಕೊಟ್ಟರು ಅಷ್ಟೆ. ಇನ್ನೊಂದಾದರೆ ಮುಗಿಯಿತು.

ಪ್ಲಾಸ್ಟರ್ ದಾರಿ ಹೇಳಿದ. ನಮ್ಮ ರಸ್ತೆಯಿಂದ ನಾಲ್ಕು ಗಂಟೆಗೆ ಹಾಲಿನ ವ್ಯಾನು ಗೇಟಿನ ಕಡೆ ಹೋಗುತ್ತದಂತೆ, ಡ್ರೈವರ್ ಅವನಿಗೆ ಪರಿಚಯ. ಕ್ರೇಟುಗಳ ಪಕ್ಕ ಕೂತರೆ ಸಾಲಿನ ಮುಂದಕ್ಕೆ ಬಿಡುತ್ತಾನೆ. ಹಾಗಾದರೆ ಏಳುವುದು ಮೂರೂಕಾಲಿಗೆ.

ಮನೆಗೆ ಹೋಗಿ ಹೇಳಬೇಕು. ಅಕ್ಕನಿಗೆ ಏಳಬೇಡ ಎನ್ನಬೇಕು.

ಏಪ್ರಿಲ್ 6, ಭಾನುವಾರ. ಮಧ್ಯಾಹ್ನ

ಹೇಳಿದೆ. ‘ಆಯ್ತು’ ಎಂದಳು. ಶುಕ್ರವಾರ ಮೂರಕ್ಕೇ ಅಡುಗೆಮನೆಯಲ್ಲಿ ದೀಪ. ಶನಿವಾರವೂ.

‘ಏಳಬೇಡ ಅಂದಿದ್ನಲ್ಲಕ್ಕಾ.’

‘ಏಳಬಾರದು ಅಂತ ಮಲಗಿದ್ರೂ ಕಣ್ಣು ಬಿಟ್ಟುಕೊಳ್ಳುತ್ತೆ. ಸದ್ದು ಕೇಳಿಸ್ತಾ ಸುಮ್ನೆ ಬಿದ್ದಿರೋಕಾಗುತ್ತಾ?’

ಇವತ್ತು ಊಟಕ್ಕೆ ಎದುರುಬದುರು ಕೂತೆವು. ಎಷ್ಟು ದಿನವಾಯಿತು ಅವಳ ಮುಖವನ್ನು ಬೆಳಕಿನಲ್ಲಿ ನೋಡಿ. ಕಣ್ಣ ಕೆಳಗಿನ ಕಪ್ಪು ಯಾವಾಗ ಬಂತೋ. ದವಡೆ ನೋಡಿ ವಯಸ್ಸು ಹೇಳಬಲ್ಲೆ ನಾನು. ಮನೆಯವಳ ಮುಖ ನೋಡಿರಲಿಲ್ಲ.

‘ರೂಮು ಚೆನ್ನಾಗಿದೆಯಾ?’

‘ಚಿಕ್ಕದು. ಆವತ್ತು ನೋಡಿದ ಮನೆಯ ಪಕ್ಕದ್ದು. ಕಿಟಕಿ ಅದೇ ಕಡೆಗಿದೆ.’ ನನ್ನ ತಟ್ಟೆಗೆ ಅನ್ನ ಬಡಿಸುತ್ತಾ, ‘ಲಾರಿ ಲೈನಿಗೆ ನೀನೂ ಹೋಗಬೇಡ ಕಣೇ. ಅಲ್ಲಿನ ಮಸಿ ಊರಿಗೇ ಗೊತ್ತು. ನಿನ್ನ ಬೆಡ್‌ಶೀಟು ಒಗೆಯೋಕೆ ನಾನಿರಲ್ಲ ಅಲ್ಲಿ.’

ನಾನೇ ಒಗೆದುಕೊಳ್ತೀನಿ ಎಂದೆ. ‘ನೋಡೋಣ’ ಎಂದಳು. ತುಟಿಯಂಚಲ್ಲಿ ನಗು ಇತ್ತು.

ಏಪ್ರಿಲ್ 13, ಭಾನುವಾರ. ಸಂಜೆ

ಲಾರಿ ಲೈನಿನ ಹೆಂಗಸಿಗೆ ಬರುವುದಿಲ್ಲ ಎಂದು ತಿಳಿಸಿದೆ. ಅವರು ಬೇಸರಪಡಲಿಲ್ಲ. ‘ಒಳ್ಳೇದಾಯ್ತು ಬಿಡಿ’ ಎಂದರು.

ಬ್ರೋಕರ್‌ಗೆ ಫೋನ್. ಬಂದ. ‘ಈಗ ಒಬ್ಬರೇ ಅಲ್ವಾ ಮೇಡಂ. ನಿಮಗೆ ಎಂಥದ್ದು ಬೇಕು ಹೇಳಿ.’

ನನ್ನನ್ನೇ ಕೇಳಿಕೊಂಡೆ. ನೆಲಮಹಡಿ ಬೇಕಾ? ನನ್ನ ಮಂಡಿ ಗಟ್ಟಿಯಾಗಿದೆ. ಗೇಟಿನ ಹತ್ತಿರ ಬೇಕಾ? ಗೇಟು ಕಂಡರೆ ಮೈಯೆಲ್ಲ ಉರಿಯುತ್ತದೆ. ಎರಡು ಕೋಣೆ ಏನು ಮಾಡಲಿ. ನಲವತ್ನಾಲ್ಕು ವರ್ಷದ ಹೆಂಗಸು, ತನಗೆ ಎಂಥ ಮನೆ ಬೇಕೆಂದು ಬ್ರೋಕರ್ ಮುಂದೆ ಯೋಚಿಸುತ್ತಾ ನಿಂತಿದ್ದೇನೆ. ಅವನು ಗಡಿಯಾರ ನೋಡಿಕೊಂಡ. ಪಾಪ, ಆಗುತ್ತೆ ಅನ್ನೋಣವೆಂದರೆ ಪ್ರಶ್ನೆಯೇ ಬಂದಿಲ್ಲ ಅವನಿಗೆ.

ಕೊನೆಗೆ, ‘ಆ ಸ್ಟೇಷನ್ ಹಿಂದಿನದು... ಮೂರನೇ ಮಹಡಿ. ಮೇಲೆ ಹತ್ತಿ ನೋಡಿರಲಿಲ್ಲ’ ಎಂದೆ.

ಹತ್ತಿ ನೋಡಿದೆ. ಒಂದು ಕೋಣೆ, ಮೂಲೆಯಲ್ಲಿ ಒಲೆ. ಗೋಡೆಗೆ ಹಳೆಯ ಮೊಳೆಗಳು. ರೈಲು ಹೋದಾಗ ಗಾಜು ನಡುಗುತ್ತದೆ, ಆಮೇಲೆ ನಿಲ್ಲುತ್ತದೆ. ನಿಲ್ಲುವುದು ಮುಖ್ಯ. ಬಾಗಿಲಿನಿಂದ ಪ್ಲಾಟ್‌ಫಾರಂಗೆ ಏಳು ನಿಮಿಷ. ಸ್ಟೇಷನ್ ಮುಂದಿನಿಂದ ಕಾಲುವೆಯ ಕಡೆಗೆ ನೇರ ಬಸ್ಸು, ಮುಕ್ಕಾಲು ಗಂಟೆ — ಇದನ್ನು ಮಾತ್ರ ಬ್ರೋಕರ್ ಹೇಳುವ ಮೊದಲೇ ನಾನೇ ಬೋರ್ಡಿನಲ್ಲಿ ಓದಿಕೊಂಡಿದ್ದೆ.

ಏಪ್ರಿಲ್ 27, ಭಾನುವಾರ. ಮಧ್ಯಾಹ್ನ

ಒಂದು ಮನೆ ಎರಡಾಯಿತು. ಚಾಕು, ಒಲೆ, ಬಕೆಟ್ಟು — ಎಲ್ಲವೂ ಒಂದೊಂದೇ ಇದ್ದವು ನಮ್ಮಲ್ಲಿ. ‘ನೀನಿಟ್ಕೋ’, ‘ಬೇಡ ನೀನಿಟ್ಕೋ’ ಎಂದು ಅರ್ಧ ದಿನ. ಅಲಾರಾಂ ಗಡಿಯಾರ ಮಾತ್ರ ತಕರಾರಿಲ್ಲದೆ ನನ್ನ ಪೆಟ್ಟಿಗೆಗೆ ಬಿತ್ತು.

ಅವಳ ಸಾಮಾನಿನ ಗಾಡಿ ಮೊದಲು ಹೊರಟಿತು. ಡ್ರೈವರ್ ಪಕ್ಕ ಹತ್ತಿ ಕೂತಳು. ‘ಬರ್ತೀನಿ’ ಎಂದಳು. ‘ಹೂಂ’ ಎಂದೆ.

ಖಾಲಿ ಮನೆ ಗುಡಿಸಿ ಕೀಲಿ ಕೊಟ್ಟೆ.

ಮೇ 2, ಶುಕ್ರವಾರ. ಬೆಳಗ್ಗೆ 5.30, ರೈಲು

ಕೂರಲು ಜಾಗ ಸಿಕ್ಕಿತು. ತಪಾಸಣೆಯವನು ಕಾರ್ಡು ನೋಡಿ ಹೋದ, ಡಬ್ಬಿ ಬಿಚ್ಚಿಸಲಿಲ್ಲ. ಬಿಚ್ಚಿದ್ದರೆ ನಾಚಿಕೆಗೇಡು. ಅರ್ಧ ಬೆಂದ ಅನ್ನ.

ನಾಲ್ಕೂಮುಕ್ಕಾಲಿಗೆ ಏಳುತ್ತೇನೆ ಈಗ. ಕೋಣೆಯಲ್ಲಿ ಇನ್ನೊಬ್ಬರ ಸದ್ದಿಲ್ಲ. ಮೊದಲ ದಿನ ಬಾಗಿಲ ಹತ್ತಿರ ನಿಂತು ‘ಬರ್ತೀನಿ’ ಎಂದೆ. ಬಾಯಿಗೆ ಬಂದುಬಿಟ್ಟಿತು.

ಲೇಟು ಎರಡಕ್ಕೇ ನಿಂತಿದೆ. ಸೂಪರ್‌ವೈಸರ್ ಕಾಗದ ಬರೆಯುತ್ತೇನೆ ಎಂದಿದ್ದಾರೆ.

ದಣಿವು ಮಾತ್ರ ಹೋಗಿಲ್ಲ. ಮನೆ ಬದಲಾಯಿಸಿದರೆ ಅದೂ ಹಳೆಯ ಮನೆಯಲ್ಲೇ ಉಳಿಯುತ್ತದೆ ಅಂದುಕೊಂಡಿದ್ದೆ.

ಮೇ 18, ಭಾನುವಾರ. ಸಂಜೆ 5.10

ಅಕ್ಕ ಬಂದಿದ್ದಾಳೆ. ಹೇಳದೆ ಬಂದಳು. ಕೆಳಗಿನಿಂದ ಯಾರೋ ನಿಂತು ನಿಂತು ಹತ್ತುವ ಸದ್ದು. ಬಾಗಿಲು ತೆಗೆದು ಇಣುಕಿದರೆ ಎರಡನೇ ಮಹಡಿಯಲ್ಲಿ ಕಂಬಿ ಹಿಡಿದು ನಿಂತಿದ್ದಳು. ಇಳಿದು ಹೋಗಿ ಕೈ ಹಿಡಿದೆ. ‘ಬಿಡು, ಹತ್ತುತೀನಿ’ ಎಂದಳು. ಕೈ ಬಿಡಲಿಲ್ಲ, ಅವಳೂ ಬಿಡಿಸಿಕೊಳ್ಳಲಿಲ್ಲ.

ನಾನು ಟೀ ಮಾಡಿಕೊಟ್ಟೆ. ಕುಡಿದು, ‘ಸಕ್ಕರೆ ಜಾಸ್ತಿ’ ಎಂದಳು. ಎದುರುಮನೆಯ ಚಾಪೆಯವರ ಜೊತೆ ಸ್ನೇಹವಾಗಿದೆಯಂತೆ, ಸಂಜೆ ಇಬ್ಬರೂ ಕಾಲುವೆ ದಂಡೆಯಲ್ಲಿ ಕೂತು ಊರವರ ಸುದ್ದಿಯನ್ನೆಲ್ಲ ಮಾತಾಡುತ್ತಾರಂತೆ. ಬೆಳಗ್ಗೆ ಏಳಕ್ಕೆ ಏಳುತ್ತಾಳಂತೆ. ಮೊದಲ ವಾರ ನಾಲ್ಕಕ್ಕೇ ಎಚ್ಚರವಾಗಿ, ಈಗ ಅವಳು ಎದ್ದಿರ್ತಾಳೆ, ಈಗ ಪ್ಲಾಟ್‌ಫಾರಂ ಮುಟ್ಟಿರ್ತಾಳೆ ಎಂದು ಲೆಕ್ಕ ಹಾಕುತ್ತಾ ಬಿದ್ದಿರುತ್ತಿದ್ದಳಂತೆ. ‘ಈಗ ಇಲ್ಲ. ಈಗ ನೀನು ಎಲ್ಲಿದ್ರೂ ನಂಗೆ ಗೊತ್ತಾಗಲ್ಲ’ ಎಂದು ನಕ್ಕಳು. ನನಗೆ ಚುಚ್ಚಬೇಕಿತ್ತು. ಚುಚ್ಚಲಿಲ್ಲ.

ಮಾತಾಡುತ್ತಾ ಆಡುತ್ತಾ ನನ್ನ ಹಾಸಿಗೆಯ ಮೇಲೆ ಕಾಲು ಚಾಚಿದಳು. ಐದು ನಿಮಿಷ ಎಂದಳು. ಒಂದು ಗಂಟೆಯಾಯಿತು. ರೈಲು ಎರಡು ಸಲ ಹೋಯಿತು, ಕದಲಲಿಲ್ಲ. ಬಾಯಿ ಸ್ವಲ್ಪ ತೆರೆದಿದೆ. ಅವಳು ಮಲಗಿರುವುದನ್ನು ನಾನು ನೋಡಿದ್ದು ನೆನಪೇ ಇಲ್ಲ.

ಕಾಲುವೆಗೆ ಕೊನೆಯ ಬಸ್ಸು ಐದೂವರೆಗೆ. ಮೆಟ್ಟಿಲಿಳಿಯಲು ಅವಳಿಗೆ ಹತ್ತು ನಿಮಿಷವಾದರೂ ಬೇಕು. ಈಗಲೇ ಎಬ್ಬಿಸಬೇಕು.

ಇಲ್ಲೇ ಇದ್ದು ನಾಳೆ ಅಂಗಡಿಗೆ ಹೋದರೂ ಆಗುತ್ತದೆ. ಅವಳದು ಹತ್ತಕ್ಕಲ್ಲವೇ. ಡಬ್ಬಿ ಇಬ್ಬರಿಗೂ ಕಟ್ಟುತ್ತೇನೆ. ಬೆಳಗ್ಗೆ ದೀಪ ಹಾಕುವುದು ಬೇಡ, ಬಟ್ಟೆಯನ್ನು ಈಗಲೇ ತೆಗೆದಿಟ್ಟರೆ, ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲವರೆಗೆ ಸದ್ದಿಲ್ಲದೆ ಹೋಗಬಹುದು. ಮಲಗಿರಲಿ.